ನೆಟ್ ಹೋಗದ ದಿನಗಳು

ನನ್ನ ಬಳಿ ಎರಡು ಕನ್ನಡಕಗಳಿವೆ. ಒಂದೇ ಇದ್ದ ಕಾಲದಲ್ಲಿ ಅದು ಕಣ್ಮರೆಯಾದ ಮರುಕ್ಷಣವೇ ಮನೆಯಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗುತ್ತಿತ್ತು. ಹಾಸಿಗೆ ಕೊಡವಿ, ಹಳೆಯ ಪತ್ರಿಕೆಗಳ ಅಟ್ಟಿಯನ್ನು ಬುಡಮೇಲು ಮಾಡಿ, ಕೊನೆಗೆ ದೇವರ ಜಗುಲಿಯಲ್ಲಿ ವಿಭೂತಿ ಗಟ್ಟಿಯ ಪಕ್ಕ ಅದನ್ನು ಪತ್ತೆಹಚ್ಚಿ, ಭಕ್ತಿಗೂ ಮರೆವಿಗೂ ಇರುವ ಸಂಬಂಧದ ಮೇಲೆ ಹೆಂಡತಿ ಒಂದು ಪುಟ್ಟ ಪ್ರವಚನ ನೀಡುತ್ತಿದ್ದಳು. ಎರಡಾದ ಮೇಲೆ ಆ ಗಲಾಟೆ ನಿಂತಿದೆ. ಒಂದು ಎಲ್ಲೋ ಹೋಗಿರುತ್ತದೆ, ಇನ್ನೊಂದು ಮೂಗಿನ ಮೇಲಿರುತ್ತದೆ, ನಾನು ನಿಶ್ಚಿಂತನಾಗಿ ಓದುತ್ತಿರುತ್ತೇನೆ. ಎರಡನೆಯದೂ ಕೈಕೊಟ್ಟ ದಿನವಷ್ಟೇ ಮೊದಲನೆಯದರ ನೆನಪಾಗುತ್ತದೆ, ಅದು ಹೋಗಿ ಎಷ್ಟು ಕಾಲವಾಯಿತೆಂದು ಹೇಳಬಲ್ಲವರು ಅಷ್ಟರಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದ ನನಗೆ ಸಣ್ಣ ಸಂಗತಿಯಿಂದ ದೊಡ್ಡ ಸಿದ್ಧಾಂತ ಕಟ್ಟುವ ಚಟ. ಒಮ್ಮೆ ಈ ಕನ್ನಡಕದ ಸಿದ್ಧಾಂತವನ್ನು ಹೆಂಡತಿ ಗಿರಿಜಾಳ ಮುಂದೆ ಮಂಡಿಸಲು ಹೋದೆ. "ಸುಮ್ನಿರ್ರಿ, ಆ ಮಾತು ನನ್ನ ಮುಂದ ಆಡಬ್ಯಾಡ್ರಿ" ಎಂದವಳೇ ಎದ್ದು ಒಳಗೆ ಹೋದಳು. ಅವಳು ಅದನ್ನು ಕನ್ನಡಕದ ಮಾತೆಂದು ಕೇಳಿಸಿಕೊಂಡಿರಲಿಲ್ಲ, ತನ್ನ ತಮ್ಮಂದಿರ ಮಾತೆಂದು ಕೇಳಿಸಿಕೊಂಡಿದ್ದಳು.

ಗಿರಿಜಾಳ ತವರು ಕೊಟ್ಟೂರು. ತಾಯಿ ಬೇಗ ತೀರಿಕೊಂಡ ಆ ಮನೆಯಲ್ಲಿ ಇಬ್ಬರು ತಮ್ಮಂದಿರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ದೊಡ್ಡವನು ಕೊಟ್ರೇಶ, ಚಿಕ್ಕವನು ನಾಗರಾಜ. ನನ್ನ ಮಾವನವರಿಗೆ ಬಸ್ ನಿಲ್ದಾಣದ ಬಳಿ ಜವಳಿ ಅಂಗಡಿ ಇತ್ತು. ಅವರ ಕಾಲಾನಂತರ ಅಣ್ಣತಮ್ಮಂದಿರು ಒಂದೇ ಗಾದಿಯ ಮೇಲೆ ಕೂತು ವ್ಯಾಪಾರ ಮಾಡಿದರು. ಕೊಟ್ರೇಶನದು ಕಂಚಿನ ಕಂಠ. ಅಂಗಡಿಯಲ್ಲಿ ಕೂತೇ ನಿಲ್ದಾಣದಾಚೆಯ ಹೋಟೆಲಿಗೆ ಚಹಾ ಹೇಳುತ್ತಿದ್ದ, ನಡುವೆ ಹೊಸಪೇಟೆ ಬಸ್ಸು ಗುರುಗುಡುತ್ತಿದ್ದರೂ ಚಹಾ ಬರುತ್ತಿತ್ತು. ಆ ಕಂಠವೇ ಮುಳುವಾಯಿತು. ತಂದೆಯ ವರ್ಷದ ಪೂಜೆಯ ದಿನ ಬಂಧುಬಳಗವೆಲ್ಲ ಊಟಕ್ಕೆ ಕೂತಿದ್ದಾಗ, ಬೆಳಗಿನಿಂದ ಕೈಗೆ ಸಿಗದಿದ್ದ ತಮ್ಮನನ್ನು ಕಂಡು "ಉಣ್ಣಾಕ ಮಾತ್ರ ಮೊದಲ ಸಾಲಿನ್ಯಾಗ ಇರ್ತೀಯಲ್ಲಲೇ" ಎಂದುಬಿಟ್ಟ. ಬೇರೆಯವರು ಅಂದಿದ್ದರೆ ಪಕ್ಕದವರಿಗಷ್ಟೇ ಕೇಳಿಸಬಹುದಾಗಿದ್ದ ಮಾತು ಓಣಿಗೆಲ್ಲ ಕೇಳಿಸಿತು. ನಾಗರಾಜ ಕಲಸಿದ ಅನ್ನ ಬಿಟ್ಟು ಎದ್ದುಹೋದ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಯನ್ನು ನಿಜ ಮಾಡಲು ಅವರಿಬ್ಬರಿಗೆ ಹೆಚ್ಚು ಸಮಯ ಬೇಕಾಗಲಿಲ್ಲ. ಅಂಗಡಿಯ ನಡುವೆ ಒಂದಿಟ್ಟಿಗೆಯ ಗೋಡೆ ಎದ್ದಿತು. ಹಿಂದಿನ ಮೆಟ್ಟಿಲು ಮತ್ತು ಅದರ ಕೆಳಗಿನ ಸಣ್ಣ ಜಾಗ ಮಾತ್ರ, ಹೇಗೆ ಪಾಲು ಮಾಡಬೇಕೆಂದು ಹಿರಿಯರಿಗೆ ತೋಚದ ಕಾರಣ, ಇಬ್ಬರಿಗೂ ಸೇರಿ ಉಳಿಯಿತು.

ಬೇರೆಯಾದರೂ ಬುದ್ಧಿ ಒಂದೇ. ಜವಳಿ ವ್ಯಾಪಾರ ಸೊರಗಿದಾಗ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಕಂಪ್ಯೂಟರ್ ತಂದರು. ಕೊಟ್ರೇಶನ ಕಡೆ ಜೆರಾಕ್ಸು, ಕನ್ನಡ ಟೈಪಿಂಗು, ಮತ್ತು ಟೆಲಿಫೋನ್ ತಂತಿಯಲ್ಲಿ ಬರುವ ಇಂಟರ್ನೆಟ್ಟು. ನಾಗರಾಜನ ಕಡೆ ಪಾಸ್‌ಪೋರ್ಟ್ ಫೋಟೋ, ಅರ್ಜಿ ತುಂಬುವುದು, ಮತ್ತು ಮಾಳಿಗೆಯ ಮೇಲಿನ ಕಂಬಕ್ಕೆ ಕಟ್ಟಿದ ಆಂಟೆನಾದಿಂದ ಗಾಳಿಯಲ್ಲಿ ಬರುವ ಇಂಟರ್ನೆಟ್ಟು. ಒಂದು ಪಾತಾಳದ ಸಂಪರ್ಕ, ಇನ್ನೊಂದು ಆಕಾಶದ್ದು. ಪಾತಾಳದ್ದಕ್ಕೆ ಹೆಗ್ಗಣಗಳೂ ನೀರಿನ ಪೈಪಿಗೆಂದು ಗುಂಡಿ ತೋಡುವವರೂ ಶತ್ರುಗಳಾದರೆ, ಆಕಾಶದ್ದಕ್ಕೆ ಬಿರುಗಾಳಿಯೂ ಕೋತಿಗಳೂ ಶತ್ರುಗಳು. ಕೊಟ್ಟೂರಿನ ಕೋತಿಗಳಿಗೆ ಆ ಕಂಬ ಬಹಳ ಹಿಡಿಸಿತ್ತು. ಒಂದು ಜೋತುಬಿದ್ದರೆ ಸಾಕು, ಆಂಟೆನಾ ಹೊಸಪೇಟೆಯ ದಿಕ್ಕು ಬಿಟ್ಟು ಹಡಗಲಿಯ ಕಡೆ ಮುಖ ಮಾಡಿ, ಒಳಗೆ ಕೂತ ಗಿರಾಕಿಯ ಅರ್ಜಿ ಅರ್ಧಕ್ಕೇ ನಿಂತುಹೋಗುತ್ತಿತ್ತು.

ಹೀಗೆ ನೆಟ್ ಹೋದಾಗಲೇ ಅಣ್ಣತಮ್ಮಂದಿರ ನಡುವೆ ಮಾತು. ಗಿರಾಕಿಯನ್ನು ಕೈಬಿಡುವುದು ಮಾವನವರ ಗಾದಿಗೆ ಒಪ್ಪುವ ನಡತೆಯಲ್ಲ ಎಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಏಕಾಭಿಪ್ರಾಯವಿತ್ತು. ತನ್ನದು ನಿಂತಾಗ ಕೊಟ್ರೇಶ ತಮ್ಮನ ಅಂಗಡಿಯ ಹೊಸ್ತಿಲ ಹೊರಗೆ ನಿಂತು, ತಮ್ಮನ ಮುಖವನ್ನಲ್ಲ, ತಿರುಗುವ ಫ್ಯಾನನ್ನು ನೋಡುತ್ತ ಕೇಳುವನು: "ನಿಂದು ಐತೇನು?" ನಾಗರಾಜ ಮಾನಿಟರಿನಿಂದ ಕಣ್ಣೆತ್ತದೆ "ಐತಿ" ಎನ್ನುವನು. "ಹಂಗಾರ ಒಬ್ಬರನ್ನ ಕಳಸ್ತೀನಿ." ಇಷ್ಟೇ. ಆದರೆ ಮಾತೆಂಬುದು ಒಂದು ಬಂದರೆ ತನ್ನ ಹಿಂದೆ ಇನ್ನೊಂದನ್ನು ಕರೆತರುತ್ತದೆ. ದಿನ ಕಳೆದಂತೆ "ಕೂಸಿಗೆ ಜ್ವರ ಬಿಟ್ಟಾವೇನು" ಎಂಬುದು ಸೇರಿತು, "ಮೋಡ ಆಗೇತಿ, ಮಾಳಿಗಿ ಮ್ಯಾಲಿನ ಶೇಂಗಾ ತೆಗಸು" ಎಂಬುದು ಸೇರಿತು. ಒಮ್ಮೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ, ಕಾನಹೊಸಹಳ್ಳಿಯವರೆಗಿನ ಹುಡುಗರೆಲ್ಲ ಬಂದು ಮುಕುರಿಕೊಂಡಾಗ, ಒಬ್ಬರದು ಹೋದರೆ ಇನ್ನೊಬ್ಬರದು ಬಂದು, ಇಬ್ಬರೂ ಅಂಗಡಿಯಿಂದ ಅಂಗಡಿಗೆ ಓಡಾಡಿ, ಸಂಜೆಗೆ ಒಂದೇ ಕಟ್ಟೆಯ ಮೇಲೆ ಕೂತು ಒಂದೇ ಪೊಟ್ಟಣದ ಮಂಡಕ್ಕಿ ಮೆಣಸಿನಕಾಯಿ ತಿಂದರಂತೆ. ಈ ವರದಿಯನ್ನು ಗಿರಿಜಾ ಊರಿನ ಯಾರ ಬಾಯಿಂದಲೋ ಕೇಳಿ ಬಂದು ನನಗೆ ಹೇಳಿದ್ದು, ಕೇಳಿದ ನನಗಿಂತ ಹೇಳಿದ ಅವಳ ಕಣ್ಣೇ ತುಂಬಿದ್ದು, ಈಗಲೂ ನೆನಪಿದೆ. ಅವಳ ಬಾಳಿನಲ್ಲಿ ಇನ್ನುಳಿದ ಆಸೆ ಅದೊಂದೇ ಆಗಿತ್ತು, ತಮ್ಮಂದಿರು ಮತ್ತೆ ಮಾತಾಡಬೇಕು.

ಆಸೆ ಹೆಚ್ಚಾದಾಗ ಉಪಾಯವೂ ಹುಟ್ಟುತ್ತದೆ. ಹೊಸಪೇಟೆಯಿಂದ ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದ ಖಾದರ್ ಎಂಬ ವಾಚಾಳಿ ಒಂದು ದಿನ ಅವಳ ಮುಂದೆ ಬಾಯಿಬಿಟ್ಟ: ಎರಡೂ ಸಂಪರ್ಕಗಳನ್ನು ಒಂದೇ ಯಂತ್ರಕ್ಕೆ ತಂದು ಸೇರಿಸಬಹುದು, ಅದಕ್ಕೆ ಗೇಟ್‌ವೇ ಎನ್ನುತ್ತಾರೆ, ಆಮೇಲೆ ಎರಡೂ ಅಂಗಡಿಗಳಿಗೆ ಅಲ್ಲಿಂದಲೇ ನೆಟ್ಟು. "ಹ್ಯಾಂಗ ಅಂದ್ರ ಅಕ್ಕಾರ, ನೀವು ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಬರ್ತೀರಿ. ನೆಟ್ಟಗಿನ ರಸ್ತಾ ಬಂದ್ ಆದ್ರ ಡ್ರೈವರ್ ಏನ್ ಮಾಡ್ತಾನ? ಕೂಡ್ಲಿಗಿ ಮ್ಯಾಲಿಂದ ಸುತ್ತಿ ತರ್ತಾನ. ಒಳಗ ಕುಂತವ್ರಿಗೆ ಗೊತ್ತss ಆಗಂಗಿಲ್ಲ." ಇವಳಿಗೆ ರಸ್ತೆಯ ವಿಷಯ ಎಷ್ಟು ತಲೆಗೆ ಹೋಯಿತೋ ಕಾಣೆ, ಎರಡು ಒಂದಾಗುತ್ತವೆ ಎಂಬುದು ಮಾತ್ರ ನೇರ ಹೃದಯಕ್ಕೆ ಹೋಯಿತು. ತಂತಿ ಕೂಡಿದರೆ ತಮ್ಮಂದಿರೂ ಕೂಡುತ್ತಾರೆ ಎಂದು ಲೆಕ್ಕ ಹಾಕಿದಳು. ನಾನಾದರೂ ಸುಮ್ಮನಿದ್ದೆನೇ? ನದೀಸಂಗಮಗಳೆಲ್ಲ ತೀರ್ಥಕ್ಷೇತ್ರಗಳಾದ ಇತಿಹಾಸವನ್ನು ಚಹಾ ಆರುವವರೆಗೂ ವಿವರಿಸಿದೆ. ಅಕ್ಕನ ಮಾತಿಗೆ ಇಬ್ಬರೂ ಇಲ್ಲವೆನ್ನಲಿಲ್ಲ. ಪಾಲಾಗದೆ ಉಳಿದಿದ್ದ ಮೆಟ್ಟಿಲ ಕೆಳಗಿನ ಜಾಗದಲ್ಲಿ ಹಳೆಯ ಕಂಪ್ಯೂಟರೊಂದು ಪ್ರತಿಷ್ಠಾಪಿತವಾಯಿತು. ಅದರ ಬೆನ್ನಿಗೆ ಪಾತಾಳದ ತಂತಿ ಒಂದು ಕಡೆ, ಆಕಾಶದ್ದು ಇನ್ನೊಂದು ಕಡೆ. ಮೂರನೆಯದು ಗೋಡೆಯ ಎರಡೂ ಮಗ್ಗುಲಿಗೆ ಕವಲಾಗಿ ಹೋಯಿತು.

ಆ ವರ್ಷದ ಆಯುಧಪೂಜೆಗೆ ನಾವೂ ಹೋಗಿದ್ದೆವು. ಖಾದರ್ ಮಾನಿಟರನ್ನು ಕಿತ್ತುಕೊಂಡು ಹೋಗಿದ್ದರಿಂದ ಮುಖವಿಲ್ಲದಂತಾಗಿದ್ದ ಆ ಯಂತ್ರಕ್ಕೆ ಕೊಟ್ರೇಶ ಬಂದು ತನ್ನ ತಂತಿ ಇರುವ ಬದಿಗೆ ಮಾತ್ರ ವಿಭೂತಿ ಬಳಿದು ಕಾಯಿ ಒಡೆದು ಹೋದ. ಅವನು ಹೋದದ್ದನ್ನು ಖಚಿತಪಡಿಸಿಕೊಂಡು ನಾಗರಾಜ ಬಂದು ಇನ್ನೊಂದು ಬದಿಗೆ ಬಳಿದು ತನ್ನ ಕಾಯಿ ಒಡೆದ. ನಡುವೆ ಒಂದು ಬೆರಳಗಲದ ತಗಡು ಯಾರ ಪೂಜೆಗೂ ಸಲ್ಲದೆ ಹಾಗೇ ಉಳಿಯಿತು. ನಾನು ನಕ್ಕೆ. ಗಿರಿಜಾ ನಗಲಿಲ್ಲ. ಆ ಜಾಗಕ್ಕೆ ತಾನೇ ಕುಂಕುಮ ಹಚ್ಚಿ ಬಂದಳು.

ಮೊದಮೊದಲು ಅವಳ ಲೆಕ್ಕ ಸರಿಯಾಗಿಯೇ ಇತ್ತು, ಏಕೆಂದರೆ ಮೊದಮೊದಲು ಆ ಯಂತ್ರ ಸರಿಯಾಗಿ ಕೆಲಸ ಮಾಡಲಿಲ್ಲ. ಒಬ್ಬ ಗಿರಾಕಿ ರೈಲಿನ ಟಿಕೆಟಿಗೆಂದು ಕೂತರೆ ಅವನ ಮೊದಲ ಮಾತು ತಂತಿಯ ದಾರಿಯಲ್ಲಿ ಹೋಗುತ್ತಿತ್ತು, ಎರಡನೆಯದು ಗಾಳಿಯ ದಾರಿಯಲ್ಲಿ. ಆ ಕಡೆಯ ರೈಲ್ವೆ ಯಂತ್ರ ಇವನು ಬೇರೆ ಯಾರೋ ಎಂದು ಅನುಮಾನಿಸಿ ಹೊರಗೆ ಅಟ್ಟುತ್ತಿತ್ತು. ಬೀಗರ ಮನೆಗೆ ಮುಂಬಾಗಿಲಿನಿಂದ ಹೋಗಿ, ಎಲೆ ಹಾಕುವ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ಬೇರೆ ರುಮಾಲು ಸುತ್ತಿ ಬಂದಂತಾಯಿತಲ್ಲ, ಯಾರು ತಾನೆ ಉಣಬಡಿಸುತ್ತಾರೆ? ಗಿರಾಕಿಗಳು ಕೂಗಾಡಿದರು. ಅಣ್ಣತಮ್ಮಂದಿರು ಮೆಟ್ಟಿಲ ಕೆಳಗೆ ಜೊತೆಯಾಗಿ ಕುಕ್ಕರುಗಾಲಲ್ಲಿ ಕೂತು ತಂತಿ ಕಿತ್ತರು, ಮತ್ತೆ ಸಿಕ್ಕಿಸಿದರು, ಮತ್ತೆ ಕಿತ್ತರು. ಖಾದರನನ್ನು ಬೈಯುವುದರಲ್ಲಿ ಇಬ್ಬರಿಗೂ ಅಪೂರ್ವ ಸಾಮರಸ್ಯ ಉಂಟಾಯಿತು. "ಅವನ ಗೇಟಿಗಿಷ್ಟು ಬೆಂಕಿ ಹಚ್ಚ" ಎಂದು ಕೊಟ್ರೇಶ ಗುಡುಗಿದರೆ, "ಅಣ್ಣ, ಬರ್ಲಿ ತಡಿ, ಅವನಿಗೆ ಐತಿ" ಎಂದು ನಾಗರಾಜ ದನಿಗೂಡಿಸುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಅವನ ಬಾಯಲ್ಲಿ ಅಣ್ಣ ಎಂಬ ಶಬ್ದ ಬಂದಿತ್ತು. ಆಗ ಆ ಯಂತ್ರ ಹಾಗೇ ಕೆಟ್ಟಿರಲಿ ಎಂದು ಹರಸುವಷ್ಟು ವಿವೇಕ ನಮಗೆ ಯಾರಿಗೂ ಇರಲಿಲ್ಲ. ಖಾದರ್ ಬಂದ, ಬೈಸಿಕೊಂಡ, ನಕ್ಕ, ಯಾರು ಯಾವ ದಾರಿ ಹಿಡಿದು ಹೊರಟಿದ್ದಾರೋ ಕೆಲಸ ಮುಗಿಯುವವರೆಗೂ ಅದೇ ದಾರಿಯಲ್ಲಿ ಓಡಾಡಬೇಕು, ಆ ದಾರಿ ಮುಚ್ಚಿದರೆ ಮಾತ್ರ ಇನ್ನೊಂದು ಎಂದು ಯಂತ್ರಕ್ಕೆ ಕಟ್ಟಪ್ಪಣೆ ಬರೆದು, ಚಹಾ ಕುಡಿದು ಹೊಸಪೇಟೆ ಬಸ್ಸು ಹತ್ತಿದ.

ಅಂದಿನಿಂದ ನೆಟ್ ಹೋಗಲಿಲ್ಲ. ಕೋತಿ ಜೋತುಬಿದ್ದರೂ ಹೋಗಲಿಲ್ಲ, ಹೆಗ್ಗಣ ಕಡಿದರೂ ಹೋಗಲಿಲ್ಲ. ಒಂದು ನಿಂತರೆ ಇನ್ನೊಂದು ತಾನಾಗಿ ಹೆಗಲು ಕೊಡುತ್ತಿತ್ತು. ಅಣ್ಣನ ಗಿರಾಕಿಯ ಕೆಲಸ ತಮ್ಮನ ಆಂಟೆನಾದಲ್ಲಿ ನಡೆಯುತ್ತಿತ್ತು, ತಮ್ಮನದು ಅಣ್ಣನ ತಂತಿಯಲ್ಲಿ, ಮತ್ತು ಇದು ಅಣ್ಣನಿಗೂ ತಿಳಿಯುತ್ತಿರಲಿಲ್ಲ, ತಮ್ಮನಿಗೂ ತಿಳಿಯುತ್ತಿರಲಿಲ್ಲ. ಹೊಸ್ತಿಲ ಹೊರಗೆ ನಿಂತು ಫ್ಯಾನು ನೋಡುವ ಪ್ರಮೇಯವೇ ಇಲ್ಲದಾಯಿತು. ನಾವು ಬಯಸಿದ ಪರಸ್ಪರ ಸಹಾಯವನ್ನೆಲ್ಲ ಆ ಯಂತ್ರವೇ ಅಷ್ಟು ಸೊಗಸಾಗಿ ಮಾಡಿಮುಗಿಸುತ್ತಿತ್ತು, ಮನುಷ್ಯರಿಗೆ ಅದರಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಗಿರಿಜಾ ಫೋನು ಮಾಡಿ "ಅಣ್ಣ ಹೆಂಗದಾನೋ" ಎಂದರೆ ನಾಗರಾಜ "ನಂಗೇನ್ ಗೊತ್ತಕ್ಕ, ಅದಾನ" ಎನ್ನುವನು. ಮರುವರ್ಷದ ಶ್ರಾವಣದಲ್ಲಿ ಪಂಚಮಿ ಹಬ್ಬಕ್ಕೆ ಅಕ್ಕನನ್ನು ಕರೆಯಲು ಇಬ್ಬರೂ ಬಂದರು, ಒಂದೇ ಬಸ್ಸಿನಲ್ಲಿ. ಒಬ್ಬ ಮುಂದಿನ ಬಾಗಿಲಿನಿಂದ ಇಳಿದ, ಒಬ್ಬ ಹಿಂದಿನ ಬಾಗಿಲಿನಿಂದ. ಅವಳು ಇಬ್ಬರ ಮನೆಯಲ್ಲೂ ಅರ್ಧರ್ಧ ಹೊಟ್ಟೆ ಉಂಡು ಬಂದಳು. ವಾಪಸು ಕರೆತರಲು ಹೋಗಿದ್ದ ನನ್ನ ಪಕ್ಕ ಬಸ್ಸಿನಲ್ಲಿ ಕೂತು, "ನಾನss ಕೂಡಿಸಿ ಕೆಡಿಸಿದ್ನೇನ್ರಿ?" ಎಂದು ಕೇಳಿದಳು. ಹಾಗೇನಿಲ್ಲ ಎಂದೆ.

ಮುಂದಿನ ಚಳಿಗಾಲದಲ್ಲಿ ಕೊಟ್ರೇಶನ ಗಂಟಲು ಕಟ್ಟಿತು. ಇದು ನಮಗೆ ಆಮೇಲೆ ಗೊತ್ತಾದದ್ದು. ಮೆಣಸಿನ ಕಷಾಯ, ಜೇನುತುಪ್ಪ ಎಂದು ತಿಂಗಳುಗಟ್ಟಲೆ ತಳ್ಳಿದನಂತೆ. ಹೋಟೆಲಿಗೆ ಚಹಾ ಕೂಗುವುದು ನಿಂತು ಕೈಸನ್ನೆ ಶುರುವಾಗಿತ್ತಂತೆ. ಗೋಡೆಯಾಚೆಗೆ ಅದು ಕೇಳಿಸಲಿಲ್ಲ, ಅಂದರೆ ಕೇಳಿಸದಿರುವುದು ಕೇಳಿಸಲಿಲ್ಲ. ಬೇಸಿಗೆಯಲ್ಲಿ ಅವನ ಅಂಗಡಿಯ ಷಟರ್ ಇಳಿಯಿತು. ದಾವಣಗೆರೆಯಲ್ಲಿರುವ ಮಗಳ ಬಾಣಂತನಕ್ಕೆ ಗಂಡಹೆಂಡತಿ ಹೋಗಿದ್ದಾರೆ ಎಂಬುದು ಊರಿಗೆ ಗೊತ್ತಿದ್ದ ಸುದ್ದಿ. ಅದು ಸುಳ್ಳೂ ಆಗಿರಲಿಲ್ಲ. ಗಿರಿಜಾ ಫೋನು ಮಾಡಿ ಅವನಿಗೆ ಕೊಡು ಎಂದರೆ ಅವನ ಹೆಂಡತಿ, "ಅವರಿಗೆ ಗಂಟಲು ಕಟ್ಟೈತ್ರೀ ಅಕ್ಕ, ಆಮ್ಯಾಲೆ ಮಾತಾಡ್ತಾರಂತ" ಎನ್ನುತ್ತಿದ್ದಳು. ಮಾತು ಬಿಟ್ಟವರ ಮುಂದೆ ಕಾಯಿಲೆ ಹಿಡಿದುಕೊಂಡು ನಿಲ್ಲಬಾರದು, ತಮ್ಮನಿಗೆ ತಿಳಿಯಬಾರದು, ತಮ್ಮನಿಗೆ ತಿಳಿಸುವ ಅಕ್ಕನಿಗೂ ತಿಳಿಯಬಾರದು ಎಂದು ಆ ಹುಂಬ ಹೆಂಡತಿಯಿಂದ ಆಣೆ ಹಾಕಿಸಿಕೊಂಡಿದ್ದ. ಅದೇ ದಿನಗಳಲ್ಲಿ ರಸ್ತೆ ಅಗಲ ಮಾಡುವವರು ಅಗೆದ ಗುಂಡಿಯಲ್ಲಿ ಅವನ ಟೆಲಿಫೋನ್ ತಂತಿಯೂ ತುಂಡಾಗಿತ್ತು. ದೂರು ಕೊಡಬೇಕಾದವನು ಊರಿನಲ್ಲಿರಲಿಲ್ಲ. ಮೆಟ್ಟಿಲ ಕೆಳಗಿನ ಯಂತ್ರ ಒಂದು ಚಕಾರವನ್ನೂ ಎತ್ತದೆ ಎಲ್ಲವನ್ನೂ ಆಕಾಶದ ದಾರಿಗೆ ತಿರುಗಿಸಿಕೊಂಡಿತು. ನಾಗರಾಜನಿಗೆ ಅನಿಸಿದ್ದಿಷ್ಟೇ, ಈಚೆಗೆ ನೆಟ್ ಸ್ವಲ್ಪ ನಿಧಾನ.

ಮುಂಗಾರಿನ ಮೊದಲ ಗಾಳಿಗೆ ಮಾಳಿಗೆಯ ಕಂಬ ಮುರಿದು ಬಿದ್ದ ದಿನ ನೆಟ್ ಪೂರ್ತಿ ನಿಂತಿತು. ಎಂದೂ ಹೋಗದ್ದು ಹೋದಾಗ ನಾಗರಾಜ ಕಕ್ಕಾಬಿಕ್ಕಿಯಾದ. ಖಾದರ್ ಬಂದು ಯಂತ್ರ ತಡವಿ, "ನಿಂದು ಇವತ್ತು ಬಿದ್ದೈತಿ. ಅಣ್ಣಂದು ಸತ್ತು ಯಾವ ಕಾಲ ಆತೋ, ನೋಡೇ ಇಲ್ಲೇನಪ?" ಎಂದ. ತಂತಿಯ ಮಾತೆಂದು ಗೊತ್ತಿದ್ದರೂ ಆ ಮಾತು ಕೇಳಿದ ಮೇಲೆ ನಾಗರಾಜ ಕೂತಲ್ಲಿ ಕೂರಲಿಲ್ಲ. ಎದ್ದವನೇ ಅಣ್ಣನ ಮನೆಗೆ ನಡೆದ. ಬಟ್ಟೆ ಒಯ್ಯಲೆಂದು ಅತ್ತಿಗೆ ಆ ಬೆಳಿಗ್ಗೆ ಬಂದಿದ್ದಳು. ಮೈದುನನನ್ನು ಬಾಗಿಲಲ್ಲಿ ಕಂಡವಳಿಗೆ ಆಣೆ ಭಾಷೆ ಒಂದೂ ನೆನಪಾಗಲಿಲ್ಲ. ಗೋಡೆ ಹಿಡಿದು ಕುಸಿದು ಅತ್ತುಬಿಟ್ಟಳು; ಗಂಟಲಲ್ಲಿ ಗಡ್ಡೆ, ದಾವಣಗೆರೆಯ ಆಸ್ಪತ್ರೆ ಎಂಬಷ್ಟು ಮಾತ್ರ ಅಳುವಿನ ನಡುವೆ ತಿಳಿಯಿತು.

ಸುದ್ದಿ ಕೇಳಿ ನಾವು ಹೊರಟೆವು. ಹರಪನಹಳ್ಳಿಯ ನಿಲ್ದಾಣದಲ್ಲಿ ನಾಗರಾಜ ನಮಗಾಗಿ ಕಾದು ನಿಂತಿದ್ದ. ದಾವಣಗೆರೆಯವರೆಗೂ ಅವನದು ಒಂದೇ ಪ್ರಶ್ನೆ: "ಅಕ್ಕ, ಮೊದಲು ಏನಂತ ಮಾತಾಡ್ಲಿ? ಬೈದ್ರ ಬೈಲಿ. ನಾ ಏನೂ ಎದುರು ಆಡಂಗಿಲ್ಲ. ಮೊದಲು ಏನಂತ ಅನ್ಲಿ?" ಗಿರಿಜಾ ಅವನ ಕೈ ಹಿಡಿದುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದ್ದಳು.

ಆಸ್ಪತ್ರೆಯಲ್ಲಿ ಕೊಟ್ರೇಶ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ. ಕೊರಳ ಕುಳಿಯಲ್ಲಿ ಬಿಳಿಯ ಅರಿವೆ. ಆಪರೇಷನ್ ಮುಗಿದಿತ್ತು, ದನಿ ಹೊರಡುವ ಗಂಟಲ ಗೂಡನ್ನೇ ತೆಗೆದಿದ್ದರು. ಜೀವಕ್ಕೆ ಭಯವಿಲ್ಲ, ನಾಲ್ಕಾರು ತಿಂಗಳು ಮುಂಚೆ ಬಂದಿದ್ದರೆ ಧ್ವನಿಯನ್ನೂ ಉಳಿಸಬಹುದಿತ್ತು ಎಂದು ವೈದ್ಯರು ಹೇಳಿದರು. ನಾಗರಾಜನನ್ನು ಕಂಡ ಕೂಡಲೇ ಅಣ್ಣನ ಬಾಯಿ ತೆರೆಯಿತು, ತುಟಿಗಳು ಅಲುಗಿದವು. ಏನೋ ಅಂದ. "ಏನಣ್ಣ? ಏನಂದಿ? ಇನ್ನೊಮ್ಮೆ ಅನ್ನು" ಎಂದು ನಾಗರಾಜ ಬಗ್ಗಿ ಅವನ ಬಾಯಿಗೆ ಕಿವಿ ಇಟ್ಟ. ಅಲ್ಲಿಂದ ಉಸಿರು ಕೂಡ ಬರುತ್ತಿರಲಿಲ್ಲ. ಅದಕ್ಕೂ ಕೊರಳಲ್ಲಿ ಬೇರೆ ದಾರಿ ಮಾಡಿದ್ದರು.

ಹೊರಗೆ ಬೆಂಚಿನ ಮೇಲೆ ಕೂತು ಗಿರಿಜಾ ಅಂದಳು, "ಆ ಗೇಟು ಇಲ್ಲದಿದ್ರ ಇವ ಒಂದ ದಿನದಾಗ ಹಿಡೀತಿದ್ದ ನೋಡ್ರಿ. ಬಾಗಿಲಾಗ ನಿಂತು ಒಂದ ಮಾತು ಕೇಳಿದ್ರ ಸಾಕಿತ್ತು, ಅಣ್ಣನ ದನಿ ಕೆಟ್ಟೈತಿ ಅಂತ ಇವಗ ತಿಳೀತಿತ್ತು." ಅವಳು ಹೇಳಿದ್ದು ನಿಜವೆಂಬುದು ನನಗೂ ಗೊತ್ತಿತ್ತು, ನನಗೆ ಗೊತ್ತೆಂಬುದು ಅವಳಿಗೂ ಗೊತ್ತಿತ್ತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸಕ್ಕೆ ಪಶ್ಚಾತ್ತಾಪ ಪಡುವುದು ಹೇಗೆಂದು ಯಾವ ಇತಿಹಾಸದ ಪುಸ್ತಕದಲ್ಲೂ ನಾನು ಓದಿಲ್ಲ.

ಕೊಟ್ರೇಶ ಚೇತರಿಸಿಕೊಂಡ. ಈಗ ದಿನವೂ ತಮ್ಮನ ಅಂಗಡಿಗೆ ಬಂದು ಕೂರುತ್ತಾನೆ. ನಾಗರಾಜನ ಬಾಯಿಗೆ ಬಿಡುವಿಲ್ಲ. ಮೆಕ್ಕೆಜೋಳದ ಧಾರಣೆ, ತಂಬ್ರಹಳ್ಳಿಯ ಬೀಗರ ಜಗಳ, ತಡವಾದ ಬಸ್ಸು, ಎಷ್ಟೋ ವರ್ಷಗಳಿಂದ ಕೂಡಿಟ್ಟದ್ದನ್ನೆಲ್ಲ ಅಣ್ಣನ ಮುಂದೆ ಸುರಿಯುತ್ತಾನೆ. ಕೊಟ್ರೇಶ ತಲೆಯಾಡಿಸುತ್ತಾನೆ, ಹೇಳಲೇಬೇಕಾದದ್ದಿದ್ದರೆ ಕೀಲಿಮಣೆ ಎಳೆದುಕೊಂಡು ಚಕಚಕ ಟೈಪು ಮಾಡುತ್ತಾನೆ. ಅವನ ಕಸಬೇ ಅದಲ್ಲವೇ. ಪರದೆಯ ಮೇಲೆ ಅಕ್ಷರ ಮೂಡುತ್ತದೆ, ತಮ್ಮ ಓದಿ ನಗುತ್ತಾನೆ, ಉತ್ತರ ಕೊಡುತ್ತಾನೆ. ನೋಡಿದವರಿಗೆ ಇದಕ್ಕಿಂತ ಅನ್ಯೋನ್ಯ ಸಹೋದರರು ಕೊಟ್ಟೂರಿನಲ್ಲಿ ಇಲ್ಲವೆನಿಸಬೇಕು.

ಮೊನ್ನೆ ಹೋಗಿದ್ದಾಗ, ಕೊಟ್ರೇಶ ಮನೆಗೆ ಎದ್ದುಹೋದ ಮೇಲೂ ಅವನು ಬರೆದ ಸಾಲು ಪರದೆಯ ಮೇಲೆ ಹಾಗೇ ಇತ್ತು. ಮಳೆ ಬರುತ್ತೆ, ಶೇಂಗಾ ಒಳಗೆ ತೆಗೆಸು ಎಂದೇನೋ ಇರಬೇಕು. ನಾಗರಾಜ ಅದನ್ನು ಇನ್ನೊಮ್ಮೆ ಓದಿದ. ಆಮೇಲೆ ಅಕ್ಕನ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ಅಕ್ಕ, ಅಣ್ಣ ಬರದದ್ದನ್ನ ಯಾರ ದನ್ಯಾಗ ಓದ್ಲಿ? ನಾನೂ ದಿನಾ ನೆನಪು ಮಾಡ್ಕೊಳ್ಳಾಕ ನೋಡ್ತೀನಿ. ಅವನ ದನಿ ಹೆಂಗಿತ್ತು ಅನ್ನೋದ ನೆನಪಾಗವಲ್ದು."

ಗಿರಿಜಾಳಿಗೂ ನನಗೂ ಆ ದನಿ ಚೆನ್ನಾಗಿ ನೆನಪಿದೆ. ಅದನ್ನು ಅವನಿಗೆ ಹೇಗೆ ಕೊಡುವುದೆಂದು ಗೊತ್ತಿಲ್ಲ.